ಮೋಟಾರ್ ಸೈಕಲ್ಲೂ ಪೆಟ್ರೋಲಿನ ಲೆಕ್ಕವೂ

ದಾವಣಗೆರೆಗೂ ಹರಿಹರಕ್ಕೂ ನಡುವಣ ಅಂತರವು ಸುಮಾರು ೧೪ ಕಿಲೋಮೀಟರು. ಹರಿಹರದ ವರ್ಕ್‌ಶಾಪುಗಳಿಗೂ ತುಂಗಭದ್ರೆಯ ಆಚೆಯ ಕುಮಾರಪಟ್ಟಣದ ಕಾರ್ಖಾನೆಗಳಿಗೂ ಪಾಳಿಯ ಮೇಲೆ ಹೋಗತಕ್ಕವರು, ದಾವಣಗೆರೆಯ ಮಂಡಿಗೂ ಕಾಲೇಜಿಗೂ ಆಸ್ಪತ್ರೆಗೂ ಬರತಕ್ಕವರು, ಇವರಲ್ಲಿ ಬಹುಮಂದಿಯ ವಾಹನವು ಮೋಟಾರ್ ಸೈಕಲ್ಲು. ಇಂಥವರು ಟ್ಯಾಂಕು ತುಂಬಿಸುವುದು ಅಪರೂಪ. ನೂರು, ಇನ್ನೂರು ರೂಪಾಯಿಗೆ ಪೆಟ್ರೋಲು ಹಾಕಿಸಿಕೊಂಡು ದಿನ ಸಾಗಿಸುವರು. ಹೀಗಿರುವಲ್ಲಿ, ಹೊಸ ಗಾಡಿಗಳ ಫಲಕದ ಮೇಲೆ ‘ಇನ್ನು ಇಷ್ಟು ಕಿಲೋಮೀಟರು ಹೋಗಬಹುದು’ ಎಂದು ಹೊಳೆಯುವ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ವಿನೋದದ ಪ್ರಶ್ನೆಯಲ್ಲ. ರಾತ್ರಿಯ ಪಾಳಿ ಮುಗಿಸಿದವನು ಹೆದ್ದಾರಿಯ ಕತ್ತಲಲ್ಲಿ ಗಾಡಿಯನ್ನು ತಳ್ಳಬೇಕೋ ಬೇಡವೋ ಎಂಬುದು ಅದನ್ನು ಅವಲಂಬಿಸಿದೆ.

ಹಿಂದಿನ ಗಾಡಿಗಳಲ್ಲಿ ಈ ತೊಡಕು ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ ರಿಂದ ೧೯೯೬ ರ ವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳನ್ನು ಬಲ್ಲವರಿಗೆ ಟ್ಯಾಂಕಿನ ಕೆಳಗಣ ‘ರಿಸರ್ವ್’ ನಲ್ಲಿಯ ನೆನಪಿರಬೇಕು. ಟ್ಯಾಂಕಿನೊಳಗೆ ಎತ್ತರದ್ದೊಂದು, ಗಿಡ್ಡದ್ದೊಂದು, ಹೀಗೆ ಎರಡು ಕೊಳವೆಗಳು. ಪೆಟ್ರೋಲು ಎತ್ತರದ ಕೊಳವೆಯ ಬಾಯಿಗಿಂತ ಕೆಳಕ್ಕಿಳಿದೊಡನೆ ಎಂಜಿನ್ನು ಮುಗ್ಗರಿಸುವುದು. ಸವಾರನು ನಲ್ಲಿಯನ್ನು ತಿರುಗಿಸಿ ಬಂಕನ್ನು ಹುಡುಕುವನು. ಆ ಕೊಳವೆಗೆ ಗಣಿತ ತಿಳಿಯದು. ಆದಕಾರಣ ಲೆಕ್ಕ ತಪ್ಪುವ ಸಂಭವವೂ ಇರಲಿಲ್ಲ. ೨೦೨೦ ರ ಏಪ್ರಿಲ್ ೧ ರಿಂದ ಬಿ.ಎಸ್. ೬ ನಿಯಮವು ಜಾರಿಗೆ ಬಂದ ಮೇಲೆ ಕಾರ್ಬುರೇಟರಿನ ಸ್ಥಾನವನ್ನು ಇಂಜೆಕ್ಷನ್ ಪದ್ಧತಿಯು ಆಕ್ರಮಿಸಿತು. ಅದರೊಡನೆ ನಲ್ಲಿಯೂ ಬಹುಮಟ್ಟಿಗೆ ಮರೆಯಾಯಿತು. ಹೊಗೆ ಕಡಮೆಯಾದುದು ನಿಸ್ಸಂದೇಹವಾಗಿಯೂ ಲಾಭವೇ. ಆದರೆ ಕಣ್ಣಿಗೆ ಕಾಣುತ್ತಿದ್ದ ಅಳತೆಯ ಜಾಗದಲ್ಲಿ ಈಗ ಅಂದಾಜೊಂದು ಬಂದು ಕುಳಿತಿದೆ.

ಈ ಅಂದಾಜು ಹುಟ್ಟುವ ಬಗೆ ಹೀಗೆ. ಟ್ಯಾಂಕಿನಲ್ಲಿ ತೇಲುವ ಬೆಂಡೊಂದು ಉಳಿದಿರುವ ಪೆಟ್ರೋಲಿನ ಮಟ್ಟವನ್ನು ತಿಳಿಸುತ್ತದೆ. ಗಾಡಿಯು ಇತ್ತೀಚೆಗೆ ಓಡಿದ ದೂರದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರು ಕೊಟ್ಟಿತೆಂಬ ಸರಾಸರಿಯಿಂದ ಯಂತ್ರವು ಅದನ್ನು ಗುಣಿಸುತ್ತದೆ. ಗುಣಾಕಾರದಲ್ಲಿ ದೋಷವಿಲ್ಲ, ದೋಷವಿರುವುದು ಗುಣಿಸಲ್ಪಡುವ ಎರಡು ಸಂಖ್ಯೆಗಳಲ್ಲಿ. ಟ್ಯಾಂಕಿನ ಆಕಾರ ಸಮವಲ್ಲ. ಗಾಡಿಯ ಬೆನ್ನೆಲುಬಿನ ಇಕ್ಕೆಲಕ್ಕೂ ಅದು ಜೋಲುತ್ತದೆ. ಆದುದರಿಂದ ಫಲಕದ ಮೇಲಣ ಒಂದು ಗೆರೆ ಮತ್ತೊಂದು ಗೆರೆಯಷ್ಟೇ ಪೆಟ್ರೋಲನ್ನು ಸೂಚಿಸಬೇಕೆಂಬ ನಿಯಮವಿಲ್ಲ. ಗಾಡಿಯು ಓರೆಯಾಗಿ ನಿಂತರೂ ಇಳಿಜಾರಿನಲ್ಲಿದ್ದರೂ ಬೆಂಡಿನ ಸಾಕ್ಷ್ಯ ಬದಲಾಗುವುದು.

ಎರಡನೆಯದಾದ ಸರಾಸರಿಯು ಹಿಂದಿನದನ್ನು ಬಲ್ಲುದೇ ಹೊರತು ಮುಂದಿನದನ್ನಲ್ಲ. ದಾವಣಗೆರೆಯ ಮಂಡಿಪೇಟೆಯ ಜನಸಂದಣಿಯಲ್ಲಿ ನಿಂತು ನಡೆದು ಬಂದ ಗಾಡಿಯು ಗಾಂಧಿ ವೃತ್ತದ ಬಳಿ ತೋರಿಸುವ ದೂರ ಒಂದು; ಅದೇ ಗಾಡಿಯು ಹೆದ್ದಾರಿಯಲ್ಲಿ ಹದವಾದ ವೇಗದಿಂದ ಕೆಲವು ಕಿಲೋಮೀಟರು ಸಾಗಿದರೆ, ಪೆಟ್ರೋಲು ಕರಗಿದ್ದರೂ ಅಂಕಿ ಏರಬಹುದು! ವೇಗ ಮಿತಿಮೀರಿತೋ, ಪರಿಣಾಮ ವಿಪರೀತ. ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುವುದರಿಂದ ಗಂಟೆಗೆ ೫೦ ಕಿಲೋಮೀಟರಿನಲ್ಲಿ ಇದ್ದ ತಡೆಯು ೮೦ ರಲ್ಲಿ ಎರಡೂವರೆ ಪಟ್ಟಾಗುತ್ತದೆ. ಹರಿಹರವು ದಾವಣಗೆರೆಗೆ ಪಶ್ಚಿಮದಲ್ಲಿದೆ. ಆಷಾಢದ ಪಡುವಣ ಗಾಳಿಯು ಹೋಗುವಾಗ ಎದೆಗೆ ಬಡಿದು, ಬರುವಾಗ ಬೆನ್ನಿಗೆ ನೆರವಾಗುವುದು. ಹದಿನಾಲ್ಕೇ ಕಿಲೋಮೀಟರಿನ ರಸ್ತೆಯಲ್ಲಿ ಎರಡು ಬಗೆಯ ಲೆಕ್ಕ!

ಇನ್ನು ಜಾಹೀರಾತಿನ ಮೈಲೇಜಿನ ಮಾತು. ಅದು ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗಗಳ ಸರಣಿಯಲ್ಲಿ ಓಡಿಸಿ ಪಡೆದ ಫಲ. ಅದು ಸುಳ್ಳಲ್ಲ, ಆದರೆ ಅಲ್ಲಿ ಹಿಂದೆ ಕುಳಿತ ಹೆಂಡತಿಯಿಲ್ಲ, ಮುಂದೆ ಕುಳಿತ ಮಗುವಿಲ್ಲ, ಮಡಿಲಲ್ಲಿ ಚೀಲವಿಲ್ಲ. ಇಂಧನವೂ ಮೊದಲಿನದಲ್ಲ. ಪೆಟ್ರೋಲಿನಲ್ಲಿ ಶೇಕಡಾ ೨೦ ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶವು ೨೦೨೫ ರಲ್ಲಿ ಮುಟ್ಟಿತು. ಕಬ್ಬು, ಮೆಕ್ಕೆಜೋಳಗಳನ್ನು ಬೆಳೆಯುವ ನಮ್ಮ ಸೀಮೆಯ ರೈತನಿಗೆ ಇದರಿಂದ ಬೇಡಿಕೆ ಹೆಚ್ಚುವುದೆಂಬುದು ಸಂತೋಷದ ಸಂಗತಿ. ಆದರೆ ಎಥನಾಲಿನ ಒಂದು ಲೀಟರಿನಲ್ಲಿರುವ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ. ಶುದ್ಧ ಪೆಟ್ರೋಲಿಗೆಂದು ರಚಿತವಾಗಿ, ಶೇಕಡಾ ೧೦ ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇಕಡಾ ೩ ರಿಂದ ೪ ರಷ್ಟು ತಗ್ಗಬಹುದೆಂದು ೨೦೨೧ ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು.

ಈ ಅಲ್ಪ ವ್ಯತ್ಯಾಸಗಳೆಲ್ಲ ಒಟ್ಟುಗೂಡಿದರೆ ಬಡವನ ಜೇಬಿಗೆ ಅಲ್ಪವಲ್ಲ. ವಾರಕ್ಕೆ ಆರು ದಿನ ಹೋಗಿ ಬರುವವನು ೧೬೮ ಕಿಲೋಮೀಟರು ಓಡಿಸುತ್ತಾನೆ. ಲೀಟರಿಗೆ ೫೦ ರ ಬದಲು ೪೫ ಕಿಲೋಮೀಟರು ಬಂದರೆ, ಪೆಟ್ರೋಲಿನ ಬೆಲೆ ನೂರೇ ರೂಪಾಯಿಯೆಂದು ಹಿಡಿದರೂ ವರ್ಷಕ್ಕೆ ೧,೯೦೦ ರೂಪಾಯಿಗೂ ಮಿಕ್ಕು ನಷ್ಟ.

ದಾವಣಗೆರೆಯು ವ್ಯಾಪಾರದ ಊರು. ತಕ್ಕಡಿಯ ಬೆಲೆ ಅದಕ್ಕೆ ಗೊತ್ತು. ಬಂಕಿನ ಯಂತ್ರಕ್ಕೆ ಸರಕಾರದ ಮುದ್ರೆಯುಂಟು. ಸಂಶಯ ಬಂದ ಗ್ರಾಹಕನು ಐದು ಲೀಟರಿನ ಅಳತೆಯ ಪಾತ್ರೆಯಲ್ಲಿ ಅಳೆದು ತೋರಿಸೆಂದು ಕೇಳಬಹುದು. ಅಲ್ಲಿ ೨೫ ಮಿಲಿಲೀಟರಿಗಿಂತ ಹೆಚ್ಚಿನ ಅಂತರ ಸಲ್ಲದು. ಗಾಡಿಯ ಫಲಕಕ್ಕೆ ಅಂತಹ ಕಟ್ಟುನಿಟ್ಟು ಸಾಧ್ಯವಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅಂದಾಜನ್ನು ಅಂದಾಜೆಂದೇ ಹೇಳುವುದು ತಯಾರಕರ ಧರ್ಮ. ಎಷ್ಟು ದೂರದ ಸರಾಸರಿಯಿಂದ ಈ ಅಂಕಿ ಬಂದಿತು, ಎಷ್ಟು ಹೆಚ್ಚುಕಡಮೆಯಾಗಬಹುದು, ಸೊನ್ನೆ ತೋರಿಸಿದಾಗ ಟ್ಯಾಂಕಿನಲ್ಲಿ ಉಳಿದಿರುವುದೆಷ್ಟು, ಈ ಮೂರು ಮಾತುಗಳನ್ನು ಗಾಡಿಯೊಡನೆ ಕೊಡುವ ಕೈಪಿಡಿಯಲ್ಲಿ ತಿಳಿಗನ್ನಡದಲ್ಲಿ ಅಚ್ಚುಹಾಕಿಸಿದರೆ ಅವರಿಗೆ ಆಗುವ ವೆಚ್ಚವೇನೂ ದೊಡ್ಡದಲ್ಲ.

ಅಲ್ಲಿಯ ವರೆಗೆ ಸವಾರನಿಗೆ ತನ್ನ ಲೆಕ್ಕವೇ ಗತಿ. ತಿಂಗಳಿಗೊಮ್ಮೆಯಾದರೂ ಟ್ಯಾಂಕು ತುಂಬಿಸಿ, ಓಡಿದ ದೂರದ ಅಂಕಿಯನ್ನು ಬರೆದಿಟ್ಟು, ಮತ್ತೆ ತುಂಬಿಸಿದಾಗ ಹಿಡಿದ ಲೀಟರುಗಳಿಂದ ನಡುವಣ ದೂರವನ್ನು ಭಾಗಿಸಲಿ. ಅದೇ ಅವನ ಗಾಡಿಯ ನಿಜವಾದ ಮೈಲೇಜು. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಿಸಲಿ. ಟ್ಯಾಂಕಿನೊಳಗಿನ ಪಂಪು ಪೆಟ್ರೋಲಿನಿಂದಲೇ ತಂಪಾಗುವುದರಿಂದ ಕೊನೆಯ ಹನಿಯ ವರೆಗೆ ಓಡಿಸುವ ಸಾಹಸ ಬೇಡ. ಫಲಕವು ಮೂವತ್ತು ಕಿಲೋಮೀಟರು ಎಂದಾಗ ಹರಿಹರಕ್ಕೆ ಹೋಗಿ ಬರಲು ಅದು ಸಾಕೆಂದು ಹೊರಡುವವನು ಅಂದಾಜಿನ ಮೇಲೆ ಪಣ ಕಟ್ಟಿದಂತೆಯೇ ಸರಿ. ದಾರಿಯ ಬಂಕಿನಲ್ಲಿ ಒಂದು ಲೀಟರು ಹಾಕಿಸಿ ಹೊರಡುವುದೇ ವಿವೇಕ.