ಹಳೆಯ ಜಿ.ಪಿ.ಎಸ್. ಯಂತ್ರ ಕೊಳ್ಳುವವರಿಗೆ ನಾಲ್ಕು ಮಾತು

ವಟ್ವಾದ ಕೈಗಾರಿಕಾ ವಸಾಹತಿನ ಕಚೇರಿಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೂ, ನಗರದ ಹೋಟೆಲುಗಳಲ್ಲಿ ದೋಸೆಯ ಕಾವಲಿಯ ಮುಂದೆಯೋ ಗಲ್ಲಾಪೆಟ್ಟಿಗೆಯ ಹಿಂದೆಯೋ ದುಡಿಯುವ ನಮ್ಮ ಬಂಧುಗಳಿಗೂ ಹಲವು ವರ್ಷಗಳ ಉಳಿತಾಯದಿಂದ ಒಂದು ಹಳೆಯ ಕಾರನ್ನು ಕೊಳ್ಳುವುದು ಇಂದು ಅಸಾಧ್ಯದ ಮಾತಾಗಿ ಉಳಿದಿಲ್ಲ. ಕಾರು ಮನೆಯ ಮುಂದೆ ಬಂದು ನಿಂತೊಡನೆ ಮೂಡುವ ಮೊದಲ ಆಸೆಯೆಂದರೆ, ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗಿಬರಬೇಕೆಂಬುದು. ಉಡುಪಿ, ಕುಂದಾಪುರಗಳಿಗೆ ಇಲ್ಲಿಂದ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಆಗಲೇ ದಾರಿ ತೋರುವ ಯಂತ್ರವೊಂದಿದ್ದರೆ ಲೇಸೆಂಬ ಯೋಚನೆ ಹುಟ್ಟುವುದು. ಹೊಸದರ ಬೆಲೆ ಕೇಳಿದೊಡನೆ ಹಳೆಯದರ ಕಡೆಗೆ ಮನಸ್ಸು ಹರಿಯುವುದು.

ಹಳೆಯ ಸಾಮಾನಿಗೆ ಅಹಮದಾಬಾದಿನಲ್ಲಿ ಕೊರತೆಯಿಲ್ಲ. ಸಾಬರಮತಿಯ ತೀರದಲ್ಲಿ ಭಾನುವಾರ ನೆರೆಯುವ ಗುಜರಿ ಬಜಾರ್ ಅಥವಾ ರವಿವಾರಿ ಸಂತೆಯು ಸುಲ್ತಾನ್ ಅಹಮದ್ ಶಹನ ಕಾಲದಿಂದ ನಡೆದುಬಂದಿದೆಯೆಂದು ಪ್ರತೀತಿ. ನದೀತೀರದ ಅಭಿವೃದ್ಧಿ ಯೋಜನೆಯಲ್ಲಿ 2014ರಲ್ಲಿ ಅದಕ್ಕೆ ಕಟ್ಟೆಗಳುಳ್ಳ ಹೊಸ ಜಾಗ ದೊರೆಯಿತು. ಇಂತಹ ಸಂತೆಗಳಲ್ಲಿ ಪುಸ್ತಕ, ಪಾತ್ರೆ, ಮಂಚಗಳಂತೆ ವಿದ್ಯುತ್ ಸಾಮಾನುಗಳೂ ಕೈಬದಲಾಗುತ್ತವೆ. “ಏಕ್‌ದಮ್ ನವುಂ ಛೇ” ಎಂದು ಮಾರುವವನು ಹೇಳುವುದು ಅವನ ಧರ್ಮ. ವಿಚಾರಿಸಿ ಕೊಳ್ಳುವುದು ನಮ್ಮ ಧರ್ಮ.

ಮೊದಲನೆಯದಾಗಿ, ‘ರೀಫರ್ಬಿಶ್ಡ್’ ಎಂಬ ಮಾತಿಗೆ ಎರಡು ಅರ್ಥಗಳುಂಟು. ತಯಾರಕರೋ ಅವರಿಂದ ಅಧಿಕಾರ ಪಡೆದವರೋ ಹಳೆಯ ಯಂತ್ರವನ್ನು ಬಿಚ್ಚಿ, ಕೆಟ್ಟ ಭಾಗಗಳನ್ನು ಬದಲಾಯಿಸಿ, ಪರೀಕ್ಷಿಸಿ, ಇಂತಿಷ್ಟು ತಿಂಗಳ ವಾರಂಟಿಯೊಡನೆ ಮಾರುವುದು ಒಂದು. ಒರೆಸಿ, ಹೊಸ ಪೆಟ್ಟಿಗೆಯಲ್ಲಿಟ್ಟು ಅದೇ ಹೆಸರಿನಿಂದ ಮಾರುವುದು ಮತ್ತೊಂದು. ವಾರಂಟಿಯನ್ನು ಬರೆದುಕೊಡಲು ಒಪ್ಪದವನ ಮಾಲು ಎರಡನೆಯ ಜಾತಿಗೆ ಸೇರಿದುದೆಂದೇ ತಿಳಿಯತಕ್ಕದ್ದು.

ನಕ್ಷೆಯ ವಯಸ್ಸು

ಯಂತ್ರವು ಆಕಾಶದ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹಿಡಿದು ತಾನೆಲ್ಲಿದ್ದೇನೆಂದು ಲೆಕ್ಕಹಾಕುತ್ತದೆ. ಇದಕ್ಕೆ ಕಡಿಮೆಯೆಂದರೆ ನಾಲ್ಕು ಉಪಗ್ರಹಗಳು ಕಾಣಿಸಬೇಕು. ಹಣ ತೆರಬೇಕಾದುದಿಲ್ಲ, ಸಿಮ್ ಬೇಕಾದುದಿಲ್ಲ. ಆದರೆ ಉಪಗ್ರಹವು ರಸ್ತೆಯನ್ನು ತಿಳಿಸುವುದಿಲ್ಲ. ರಸ್ತೆಯ ನಕ್ಷೆ ಯಂತ್ರದೊಳಗೇ ಇರುತ್ತದೆ. ಅದು ಎಂದು ತಯಾರಾಯಿತೋ ಅಂದಿನ ಲೋಕವನ್ನೇ ತೋರಿಸುತ್ತದೆ.

ನಕ್ಷೆಯ ವಯಸ್ಸನ್ನು ಅರಿಯಲು ಕನ್ನಡಿಗರಿಗೆ ಸುಲಭವಾದ ಉಪಾಯವೊಂದಿದೆ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳ ಇಂಗ್ಲಿಷ್ ರೂಪ ಬದಲಾಯಿತು. ಅಂಗಡಿಯಲ್ಲಿಯೇ ‘ಬೆಳಗಾವಿ’ ಎಂದು ಒತ್ತಿನೋಡಿರಿ. ಅದು ಸಿಗದೆ ‘ಬೆಲ್ಗಾಂ’ ಮಾತ್ರ ಸಿಕ್ಕಿದರೆ ನಕ್ಷೆಯು ಅದಕ್ಕಿಂತ ಹಿಂದಿನದಾಗಿರುವ ಸಂಭವವೇ ಹೆಚ್ಚು. ಹೆದ್ದಾರಿಯ ಸಂಖ್ಯೆಗಳೂ ಸಾಕ್ಷಿ ನುಡಿಯುತ್ತವೆ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಗೊತ್ತುಮಾಡಲಾಯಿತು. ಇಲ್ಲಿಂದ ಮುಂಬಯಿಗೆ ಹೋಗುವ ಹಳೆಯ 8ನೆಯ ಹೆದ್ದಾರಿಯೂ, ಪುಣೆ, ಬೆಳಗಾವಿ, ಹುಬ್ಬಳ್ಳಿಗಳ ಮೇಲೆ ಹಾಯುವ ಹಳೆಯ 4ನೆಯದೂ ಈಗ 48. ಕರಾವಳಿಯ 17 ಈಗ 66. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ 63 ಈಗ 52. ಯಂತ್ರವು “17ಕ್ಕೆ ತಿರುಗಿ” ಎನ್ನುತ್ತಿರುವಾಗ ಫಲಕದಲ್ಲಿ 66 ಎಂದಿದ್ದರೆ, ರಾತ್ರಿಯ ವೇಳೆ ಚಾಲಕನು ಗಲಿಬಿಲಿಗೊಳ್ಳುವುದು ಸಹಜ. ವಡೋದರಾ ಮತ್ತು ಭರೂಚುಗಳ ನಡುವೆ 2024ರಲ್ಲಿ ತೆರೆದ ಎಕ್ಸ್‌ಪ್ರೆಸ್ ಮಾರ್ಗವು ಹಳೆಯ ನಕ್ಷೆಯಲ್ಲಿ ಇರಲಾರದು.

‘ಆಜೀವ ನಕ್ಷೆ’ ಎಂಬ ಮಾತಿಗೂ ಮರುಳಾಗಕೂಡದು. ಆ ಆಯುಷ್ಯವು ಕೊಂಡವರದಲ್ಲ, ಯಂತ್ರದ್ದು. ಆ ಮಾದರಿಗೆ ಕಂಪನಿಯು ಹೊಸ ನಕ್ಷೆ ಕೊಡುವುದನ್ನು ನಿಲ್ಲಿಸಿದರೆ ಅದೂ ಮುಗಿಯಿತು.

ಗಡಿಯಾರದ ಪರೀಕ್ಷೆ

ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯು ವಾರಗಳನ್ನು ಎಣಿಸುವ ಕ್ರಮದಲ್ಲಿ 1,024 ವಾರಗಳಿಗೊಮ್ಮೆ ಎಣಿಕೆಯು ಮತ್ತೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ ತಿಂಗಳಲ್ಲಿ ಹೀಗಾಯಿತು. ಸಕಾಲದಲ್ಲಿ ತಿದ್ದುಪಡಿ ಪಡೆಯದ ಯಂತ್ರಗಳು ದಿನಾಂಕವನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸುವುದುಂಟು. ಆದುದರಿಂದ ಯಂತ್ರವನ್ನು ಬಯಲಿಗೆ ತಂದು ಚಾಲೂ ಮಾಡಿಸಿ ದಿನಾಂಕವನ್ನು ನೋಡಬೇಕು. ಬಹುಕಾಲ ಮುಚ್ಚಿಟ್ಟ ಯಂತ್ರಕ್ಕೆ ಮೊದಲ ಸಲ ಸಂಕೇತ ಸಿಗಲು ಹತ್ತು ಹದಿನೈದು ನಿಮಿಷ ಹಿಡಿದರೆ ಕೆಟ್ಟಿದೆಯೆಂದು ಎಣಿಸಬೇಕಾದುದಿಲ್ಲ. ಅಷ್ಟು ಹೊತ್ತು ಕಾಯಲು ಮಾರುವವನು ಬಿಡದಿದ್ದರೆ ಮಾತ್ರ ಅನುಮಾನಿಸಬೇಕು.

ನಮ್ಮ ದೇಶದ್ದೇ ಆದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ದಿಕ್ಸೂಚಕ ಉಪಕರಣಗಳು ಸಿದ್ಧವಾದದ್ದು ಇದೇ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ. ಆಗ ಅದರ ನಿರ್ದೇಶಕರಾಗಿದ್ದವರು ಹಾಸನ ಜಿಲ್ಲೆಯ ಎ.ಎಸ್. ಕಿರಣ್‌ಕುಮಾರ್ ಅವರೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಅದಕ್ಕೆ ಮುಂಚೆ ತಯಾರಾದ ಯಂತ್ರಗಳು ಆ ಸಂಕೇತವನ್ನು ಗ್ರಹಿಸಲಾರವು. ಯಾವ ಹಳೆಯ ಪೆಟ್ಟಿಗೆಯ ಮೇಲಾದರೂ ‘ನಾವಿಕ್’ ಎಂಬ ಚೀಟಿ ಅಂಟಿಸಿದ್ದರೆ ಪುರಾವೆ ಕೇಳಿರಿ.

ಬ್ಯಾಟರಿ ಮತ್ತು ಕಾಯಿದೆ

2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಉಷ್ಣ ದಾಖಲಾಗಿತ್ತು. ಮುಚ್ಚಿದ ಕಾರಿನೊಳಗೆ ಸೆಖೆ ಇನ್ನೂ ಹೆಚ್ಚು. ಲಿಥಿಯಂ ಬ್ಯಾಟರಿಗೆ ಇಂತಹ ಕಾವು ಆಗಿಬಾರದು. ಯಂತ್ರದ ಬೆನ್ನು ಉಬ್ಬಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿರಿ, ಬೆಂಕಿಯ ಭಯವುಂಟು.

ಇನ್ನು, ಬಿಲ್ಲಿಲ್ಲದ ಮಾಲು ಕದ್ದ ಮಾಲಾಗಿರಬಹುದು. ಕದ್ದದ್ದೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಪರಊರಿನಲ್ಲಿ ಮರ್ಯಾದೆಯೇ ಬಂಡವಾಳವಾಗಿರುವ ನಮ್ಮಂಥವರಿಗೆ ನೂರಿನ್ನೂರು ರೂಪಾಯಿಯ ಉಳಿತಾಯಕ್ಕಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ತರವಲ್ಲ. ಯಂತ್ರದ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ. ಅಂಗಡಿಯವನು ಮೋಸಗೊಳಿಸಿದರೆ 1915ಕ್ಕೆ ಫೋನು ಮಾಡಿ ಗ್ರಾಹಕರ ದೂರು ಕೊಡಲು ಆ ಬಿಲ್ಲೇ ಆಧಾರ. ಹಿಂದಿನ ಮಾಲೀಕರ ಮನೆಯ ವಿಳಾಸ ಯಂತ್ರದಲ್ಲಿ ಉಳಿದಿದ್ದರೆ ಅಳಿಸಿಬಿಡುವುದು ಸೌಜನ್ಯ. ನಮ್ಮದನ್ನು ಮಾರುವಾಗ ಅದೇ ಎಚ್ಚರ ನಮ್ಮ ರಕ್ಷಣೆ.

ಬೇಕೇ, ಬೇಡವೇ?

ಕೈಯಲ್ಲಿರುವ ಸಾಧಾರಣ ಸ್ಮಾರ್ಟ್‌ಫೋನಿನಲ್ಲಿಯೇ ಉಪಗ್ರಹ ಸಂಕೇತ ಹಿಡಿಯುವ ಶಕ್ತಿಯಿದೆ. ಹೊರಡುವ ಮುನ್ನ ಮನೆಯಲ್ಲಿ ದಾರಿಯ ನಕ್ಷೆಯನ್ನು ಅದರೊಳಗೆ ಇಳಿಸಿಟ್ಟುಕೊಂಡರೆ, ಅರಬೈಲು ಘಟ್ಟದಂಥಲ್ಲಿ ಫೋನಿನ ಸಿಗ್ನಲ್ ಇಲ್ಲದಿದ್ದರೂ ದಾರಿ ಕಾಣುತ್ತದೆ. ಆ ನಕ್ಷೆ ಹೊಸದು, ಖರ್ಚೂ ಇಲ್ಲ. ಫೋನನ್ನು ಭದ್ರವಾಗಿ ಹಿಡಿದಿಡುವ ಸ್ಟ್ಯಾಂಡು, ಕಾರಿನಲ್ಲಿ ಚಾರ್ಜು ಮಾಡುವ ತಂತಿ ಇವಿಷ್ಟಿದ್ದರೆ ಹೆಚ್ಚಿನವರಿಗೆ ಸಾಕು. ಬಾಡಿಗೆಯ ಗಾಡಿ ಓಡಿಸುವವರು, ಫೋನನ್ನು ಗಿರಾಕಿಗಳ ಕರೆಗೆ ಬಿಡುವಾಗಿಡಬೇಕಾದವರು, ಇಂಥವರಿಗೆ ಪ್ರತ್ಯೇಕ ಯಂತ್ರ ಉಪಯುಕ್ತವಾದೀತು. ಅವರು ವಾರಂಟಿ, ಬಿಲ್ಲು, ಹೊಸ ನಕ್ಷೆ ಮೂರೂ ಇರುವುದನ್ನೇ ಆರಿಸಲಿ. ಮೂರರಲ್ಲಿ ಒಂದಿಲ್ಲದಿದ್ದರೂ ಆ ಹಣವನ್ನು ಟೈರಿಗೋ ಬ್ರೇಕಿಗೋ ವೆಚ್ಚಮಾಡುವುದು ಜಾಣತನ. ದೂರದ ದಾರಿಯಲ್ಲಿ ಮಕ್ಕಳ ಜೀವ ಕಾಯುವುದು ಮೊದಲು ಅವೇ.