ಬಿಗಿದ ಮುಷ್ಟಿಯ ಚಿಕಿತ್ಸೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಕೆತೋಟಗಳ ನಡುವಣ ಮನೆಗಳಲ್ಲಿ, ತಿಂಗಳುಗಳು ಕಳೆದರೂ ಒಂದು ಮುಷ್ಟಿಯನ್ನು ಬಿಡಿಸದೆ, ಹೆಬ್ಬೆರಳನ್ನು ಅಂಗೈಯೊಳಗೆ ಅಡಗಿಸಿಕೊಂಡು, ಮೊಣಕೈಯನ್ನು ಎದೆಗೊತ್ತಿ ಮಲಗಿದ ಶಿಶುವನ್ನು ಕಂಡರೆ, ಎಣ್ಣೆ ನೀವಿದರೆ ಸರಿಹೋದೀತೆಂದು ಹಿರಿಯರು ಸಮಾಧಾನ ಹೇಳುವುದುಂಟು. ನೀವಿಕೆಯಿಂದ ಕೇಡೇನೂ ಇಲ್ಲ. ಆದರೆ ದೋಷವಿರುವುದು ತೋಳಿನಲ್ಲಲ್ಲ, ಬೆಳೆಯುವಾಗಲೇ ಘಾಸಿಗೊಂಡ ಮಿದುಳಿನಲ್ಲಿ. ಸ್ನಾಯುಗಳನ್ನು ಹದದಲ್ಲಿಡಬೇಕಾದ ಅದರ ಆಜ್ಞೆ ಕ್ಷೀಣಿಸಲಾಗಿ, ರಭಸದಿಂದ ಎಳೆದಷ್ಟೂ ಬಿಗಿಯುವ ಸ್ವಭಾವ ತೋಳಿಗೆ ಪ್ರಾಪ್ತವಾಗುತ್ತದೆ. ಇಂದು ಸೆರೆಬ್ರಲ್ ಪಾಲ್ಸಿ ಎನ್ನಲಾಗುವ ಈ ಸ್ಥಿತಿಯನ್ನು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ 1861ರಲ್ಲಿ ಪ್ರಸವಕಾಲದ ಕ್ಲೇಶಗಳೊಡನೆ ಸಂಬಂಧಿಸಿ ವಿವರಿಸಿದ್ದನು.

ಕೆಟ್ಟ ಡಬ್ಬಿ ಆಹಾರದಲ್ಲಿ ಪ್ರಾಣಾಂತಿಕವಾಗುವ ಬೊಟುಲಿನಂ ವಿಷವೇ ಅತ್ಯಲ್ಪ ಪ್ರಮಾಣದಲ್ಲಿ ಇದಕ್ಕೆ ಔಷಧವಾಗಿರುವುದು ವೈದ್ಯಶಾಸ್ತ್ರದ ವಿನೋದಗಳಲ್ಲೊಂದು. ಮೊಣಕೈಯನ್ನು ಮಡಿಸುವ, ಅಂಗೈಯನ್ನು ಕೆಳಮುಖವಾಗಿಸುವ, ಹೆಬ್ಬೆರಳನ್ನು ಒಳಸೆಳೆಯುವ ಸ್ನಾಯುಗಳನ್ನು ಗುರುತಿಸಿ ಇದನ್ನು ಚುಚ್ಚಿದರೆ, ನರದ ಸಂದೇಶ ಅಲ್ಲಿಗೆ ತಲಪದೆ, ಎರಡು ವಾರಗಳೊಳಗೆ ಬಿಗಿ ಸಡಿಲುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಮರಳುತ್ತದೆ. ಮದ್ದು ಕೈಗೆ ಬಿಡುವು ಕೊಡುತ್ತದೆಯೇ ಹೊರತು ವಿದ್ಯೆಯನ್ನು ಕೊಡುವುದಿಲ್ಲ. ಆ ಅವಧಿಯಲ್ಲಿ ಬಟ್ಟಲನ್ನು ಒಂದು ಕೈ ಹಿಡಿದಿರಲು ಇನ್ನೊಂದು ಕಲಸುವುದು, ಬಾಳೆಹಣ್ಣು ಸುಲಿಯುವುದು, ಗುಂಡಿ ಹಾಕುವುದು ಇವೇ ಮೊದಲಾದ ಎರಡು ಕೈಯ ಕೆಲಸಗಳನ್ನು ದಿನದಿನವೂ ಮಾಡಿಸಬೇಕು. ಒಂದೇ ಪಕ್ಕ ಬಾಧಿತವಾದ ಮಕ್ಕಳಲ್ಲಿ ಒಳ್ಳೆಯ ಕೈಗೆ ಕೆಲಹೊತ್ತು ಚೀಲ ತೊಡಿಸಿ, ಸೋತ ಕೈಯನ್ನು ದುಡಿಸುವ ಕ್ರಮವೂ ಇದೆ. ದುಬಾರಿ ಚುಚ್ಚುಮದ್ದಿಗೆ ಸಾಲ ಮಾಡಿ, ಅನಂತರದ ಅಭ್ಯಾಸವನ್ನು ಕೈಬಿಟ್ಟರೆ, ಆ ಹಣ ವ್ಯರ್ಥವಾಯಿತೆಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಬೀಡಿ ಕಟ್ಟುತ್ತ ಕುಳಿತ ತಾಯಿಗೆ ಬೆರಳುಗಳ ಶಿಸ್ತೆಂದರೇನೆಂದು ಯಾರೂ ಬೋಧಿಸಬೇಕಾಗಿಲ್ಲ. ಅವಳಿಗೆ ಬೇಕಾದುದು ಕ್ರಮವನ್ನು ತೋರಿಸಿಕೊಡುವ ತಜ್ಞರು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯಲ್ಲಿ ಫಿಸಿಯೋಥೆರಪಿ ಕಾಲೇಜೇ ಇದೆ. ಸಂಧಿಗಳು ಸೆಡೆತುಹೋದ ದೊಡ್ಡ ಮಕ್ಕಳಿಗೆ ಸ್ನಾಯುರಜ್ಜುವನ್ನು ಸ್ಥಳಾಂತರಿಸುವ ಶಸ್ತ್ರಕ್ರಿಯೆಯುಂಟು.

ವರ್ಷ ತುಂಬುವ ಮೊದಲೇ ಮಗು ಎಡಗೈಯನ್ನಷ್ಟೇ ಚಾಚಿದರೆ, ಎಡಚನೆಂದು ನಕ್ಕು ಸುಮ್ಮನಾಗದೆ ಅಂಗನವಾಡಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಶುಲ್ಕವಿಲ್ಲ.