ಅರ್ಧಕ್ಕೆ ನಿಂತ ಗೋಪುರ ಮತ್ತು ಒಬ್ಬ ಗಿಟಾರ್ ವಾದಕ

ಗೋಪುರವನ್ನು ಕಟ್ಟತೊಡಗಿ, ಅಸ್ತಿಭಾರ ಹಾಕಿದ ಮೇಲೆ ಮುಂದುವರಿಸಲಾರದೆ ಕೈಚೆಲ್ಲಿದವನನ್ನು ಕಂಡು ಜನರು ಗೇಲಿ ಮಾಡುವ ಪ್ರಸಂಗವೊಂದು ಸಂತ ಲೂಕರ ಶುಭಸಂದೇಶದಲ್ಲಿದೆ. ಕೆಲಸ ಆರಂಭಿಸುವ ಮುನ್ನ ಖರ್ಚಿನ ಲೆಕ್ಕ ಹಾಕಬೇಕೆಂಬ ಅದರ ವಿವೇಕವನ್ನು ನಾವು ಪ್ರಬೋಧನೆಗಳಲ್ಲಿ ಅನೇಕ ಸಲ ವಿವರಿಸಿದ್ದೇವೆ. ಆದರೆ ಅರ್ಧಕ್ಕೆ ನಿಂತ ಗೋಪುರದ ಬುಡಕ್ಕೆ ಅದೇ ಮನುಷ್ಯನು ಮೂವತ್ತು ವರ್ಷಗಳ ನಂತರ ಮರಳಿ ಬಂದು ಕಟ್ಟಡವನ್ನು ಪೂರ್ತಿಗೊಳಿಸಿದರೆ ಏನೆನ್ನಬೇಕು? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ದೈವಶಾಸ್ತ್ರಜ್ಞರಲ್ಲ, ಇಂಗ್ಲೆಂಡಿನ ರಾಕ್ ಸಂಗೀತಗಾರ ಬ್ರಯಾನ್ ಮೇ.

ರಾಕ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಅದಕ್ಕೆ ಕಾರಣಗಳಿಲ್ಲವೆಂದು ನಾವು ಹೇಳುವುದಿಲ್ಲ. 1970ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಕ್ವೀನ್’ ವಾದ್ಯವೃಂದದ ಜೀವನಕ್ರಮವು ಸಂತರ ಚರಿತ್ರೆಯಂತೇನೂ ಇರಲಿಲ್ಲ. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನಲ್ಲಿ ಜನಿಸಿದ ಪಾರ್ಸಿ. ಬಾಲ್ಯದ ವಿದ್ಯಾಭ್ಯಾಸ ನಡೆದದ್ದು ನೆರೆಯ ಮಹಾರಾಷ್ಟ್ರದ ಪಂಚಗನಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಸಹಪಾಠಿಗಳೊಡನೆ ಅವರು ಮೊದಲ ವಾದ್ಯತಂಡ ಕಟ್ಟಿದ್ದೂ ಆ ಶಾಲೆಯಲ್ಲಿಯೇ. ಆ ಕಥೆ ಬೇರೆ. ಇಲ್ಲಿ ನಮ್ಮ ಗಮನವಿರುವುದು ಅವರ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸುತ್ತಿದ್ದ, ಗುಂಗುರು ಕೂದಲಿನ ನೀಳಕಾಯದ ವ್ಯಕ್ತಿಯ ಮೇಲೆ.

ಬ್ರಯಾನ್ ಮೇ ಹುಟ್ಟಿದ್ದು 1947ರ ಜುಲೈ 19ರಂದು. ತಂದೆ ಹೆರಾಲ್ಡ್ ವಿದ್ಯುನ್ಮಾನ ವಿಷಯದಲ್ಲಿ ಪರಿಣತರು, ಕೈಕೆಲಸದಲ್ಲಿ ನಿಪುಣರು. ಅಂಗಡಿಯಿಂದ ಒಳ್ಳೆಯ ವಿದ್ಯುತ್ ಗಿಟಾರ್ ಕೊಳ್ಳುವಷ್ಟು ಅನುಕೂಲ ಆ ಮನೆಯಲ್ಲಿರಲಿಲ್ಲ. ಆದ್ದರಿಂದ 1963ರಲ್ಲಿ ತಂದೆಮಗ ಇಬ್ಬರೂ ಸೇರಿ ಅದನ್ನು ಮನೆಯಲ್ಲಿಯೇ ತಯಾರಿಸತೊಡಗಿದರು. ಹಳೆಯ ಅಗ್ಗಿಷ್ಟಿಕೆಯೊಂದರ ಮೇಲಿದ್ದ ಮರದ ಪಟ್ಟಿಯಿಂದ ಅದರ ಕುತ್ತಿಗೆಯಾಯಿತು. ಹಳೆಯ ಮೇಜಿನ ಓಕ್ ಮರ ಒಡಲಿಗೆ ಬಂದಿತು. ಮೋಟಾರ್ ಸೈಕಲ್ಲಿನ ಸ್ಪ್ರಿಂಗುಗಳು ತಂತಿಗಳ ಬಿಗುವನ್ನು ಹಿಡಿದವು. ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು ಸ್ವರಸ್ಥಾನದ ಗುರುತುಗಳಾದವು. ಸುಮಾರು ಎರಡು ವರ್ಷ ಹಿಡಿದ ಈ ಕೆಲಸದ ಫಲವಾದ ‘ರೆಡ್ ಸ್ಪೆಷಲ್’ ವಾದ್ಯವನ್ನೇ ಅವರು ಜೀವನದುದ್ದಕ್ಕೂ ನುಡಿಸುತ್ತ ಬಂದಿದ್ದಾರೆ. ಅದನ್ನು ಮೀಟುವುದು ಹಳೆಯ ಆರು ಪೆನ್ಸಿನ ನಾಣ್ಯದಿಂದ.

ಹುಡುಗನಿಗೆ ಆಕಾಶದ ಹುಚ್ಚೂ ಇತ್ತು. ಪ್ಯಾಟ್ರಿಕ್ ಮೂರ್ ಅವರು ಬಿ.ಬಿ.ಸಿ. ದೂರದರ್ಶನದಲ್ಲಿ ನಡೆಸಿಕೊಡುತ್ತಿದ್ದ ಖಗೋಳ ಕಾರ್ಯಕ್ರಮವನ್ನು ನೋಡುತ್ತ ಬೆಳೆದ ಬ್ರಯಾನ್, 1968ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಭೌತಶಾಸ್ತ್ರದಲ್ಲಿ ಪದವಿ ಪಡೆದು, ಅಲ್ಲಿಯೇ ಡಾಕ್ಟರೇಟಿಗಾಗಿ ಸಂಶೋಧನೆಗಿಳಿದರು. ಆರಿಸಿಕೊಂಡ ವಿಷಯ ಧೂಳು. ಸೂರ್ಯಾಸ್ತದ ಬಳಿಕ ಪಶ್ಚಿಮದಲ್ಲಿ, ಸೂರ್ಯೋದಯಕ್ಕೆ ಮುನ್ನ ಪೂರ್ವದಲ್ಲಿ, ಕತ್ತಲೆ ದಟ್ಟವಾಗಿರುವ ಸ್ಥಳಗಳಿಂದ ನೋಡುವವರಿಗೆ ಗೋಪುರಾಕಾರದ ಒಂದು ಮಂದ ಬೆಳಕು ಕಾಣಿಸುತ್ತದೆ. ಗ್ರಹಗಳು ಚಲಿಸುವ ಸಮತಲದಲ್ಲಿ ಹರಡಿರುವ ಸೂಕ್ಷ್ಮ ಧೂಳಿನ ಕಣಗಳು ಸೂರ್ಯನ ಬೆಳಕನ್ನು ಚದುರಿಸುವುದರಿಂದ ಉಂಟಾಗುವ ಇದಕ್ಕೆ ರಾಶಿಚಕ್ರದ ಬೆಳಕೆಂದು ಹೆಸರು. ವಿಭೂತಿ ಬುಧವಾರದಂದು ಹಣೆಗಳ ಮೇಲೆ ಬೂದಿಯಿಡುವ ನಮಗೆ, ಧೂಳನ್ನು ಇಷ್ಟು ಗೌರವದಿಂದ ಅಭ್ಯಸಿಸಿದವರ ಬಗ್ಗೆ ಸಹಜವಾಗಿಯೇ ಅಕ್ಕರೆ ಮೂಡುತ್ತದೆ!

ಆ ಧೂಳು ಯಾವ ದಿಕ್ಕಿನಲ್ಲಿ, ಎಷ್ಟು ವೇಗದಿಂದ ಚಲಿಸುತ್ತದೆಂಬುದೇ ಅವರ ಪ್ರಶ್ನೆ. ರೈಲು ನಮ್ಮೆಡೆಗೆ ಬರುವಾಗ ಅದರ ಸೀಟಿಯ ಸ್ವರ ಏರಿದಂತೆಯೂ, ದಾಟಿಹೋಗುವಾಗ ಇಳಿದಂತೆಯೂ ಕೇಳುತ್ತದಷ್ಟೆ. ಬೆಳಕಿನ ವರ್ಣರೇಖೆಗಳಲ್ಲಿಯೂ ಅಂಥ ಪಲ್ಲಟವುಂಟು. ಆಫ್ರಿಕದ ಪಶ್ಚಿಮಕ್ಕಿರುವ ಸ್ಪೇನಿನ ತೆನೆರಿಫೆ ದ್ವೀಪದ ಪರ್ವತದ ಮೇಲೆ ಉಪಕರಣವನ್ನು ಸ್ಥಾಪಿಸಿ, 1971 ಮತ್ತು 1972ರಲ್ಲಿ ಅವರು ಆ ಪಲ್ಲಟವನ್ನು ಅಳೆದರು. ಸ್ವರದ ಏರಿಳಿತವನ್ನು ಬಲ್ಲವರಿಗೆ ಇದಕ್ಕಿಂತ ತಕ್ಕ ಕೆಲಸ ಇರಲಾರದು. ಈ ಕೆಲಸವನ್ನು ಆಧರಿಸಿ, ಸಹೋದ್ಯೋಗಿಗಳೊಡನೆ ಬರೆದ ಎರಡು ಲೇಖನಗಳು ಪ್ರತಿಷ್ಠಿತ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದವು. ಮಹಾಪ್ರಬಂಧವೂ ಬಹುಮಟ್ಟಿಗೆ ಸಿದ್ಧವಾಗಿತ್ತು. ಅಷ್ಟರಲ್ಲಿ ‘ಕ್ವೀನ್’ ಜನಪ್ರಿಯವಾಗತೊಡಗಿತು. 1974ರಲ್ಲಿ ಅವರು ಸಂಶೋಧನೆಯನ್ನು ಬಿಟ್ಟರು.

ತಂದೆಗೆ ಇದು ತಡೆಯಲಾಗದ ನೋವಾಯಿತು. ಗಿಟಾರನ್ನು ಮಗನೊಡನೆ ಕೂತು ಕೆತ್ತಿದ ಕೈಗಳೇ ಆ ಗಿಟಾರನ್ನು ನಂಬಿ ಬದುಕುವುದನ್ನು ಒಪ್ಪಲಿಲ್ಲ. ಇಬ್ಬರ ನಡುವೆ ಬಿರುಕು ಮೂಡಿ ಬಹುಕಾಲ ಉಳಿಯಿತು. ಕೊನೆಗೆ ಮಗನು ತಂದೆತಾಯಿಯರನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಕರೆಸಿಕೊಂಡು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ತಮ್ಮ ಕಛೇರಿಯಲ್ಲಿ ಕೂರಿಸಿದರು. ಈಗ ನನಗೆ ಅರ್ಥವಾಯಿತೆಂದು ತಂದೆ ಅಂದು ಒಪ್ಪಿಕೊಂಡುದನ್ನು ಬ್ರಯಾನ್ ಮೇ ಅವರೇ ನೆನೆದಿದ್ದಾರೆ. ಹೆರಾಲ್ಡ್ 1988ರಲ್ಲಿ ತೀರಿಕೊಂಡರು. ಮಗ ಡಾಕ್ಟರ್ ಆದುದನ್ನು ಅವರು ನೋಡಲಿಲ್ಲ.

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ದಿನಗಳಲ್ಲಿ ಧರ್ಮಕೇಂದ್ರದ ಕಚೇರಿಗೆ ಬರುವ ತಂದೆತಾಯಂದಿರ ಮುಖಗಳನ್ನು ನಾವು ಬಲ್ಲೆವು. ಗಾನವೃಂದದಲ್ಲಿ ಕೀಬೋರ್ಡ್ ನುಡಿಸುವ ಹುಡುಗ ಎಂಜಿನಿಯರಿಂಗ್ ಬೇಡವೆಂದನೆಂದು ಕಣ್ಣೀರು. ಮಗನಿಗೆ ನೀವೇ ಬುದ್ಧಿ ಹೇಳಬೇಕು ಫಾದರ್ ಎಂಬ ಮೊರೆ. ಬ್ರಯಾನ್ ಮೇ ಅವರ ಕಥೆಯನ್ನು ಅಂಥ ಹುಡುಗರ ಕೈಗೆ ವಾದಕ್ಕೊಂದು ಅಸ್ತ್ರವಾಗಿ ಕೊಡುವ ಉದ್ದೇಶ ನಮಗಿಲ್ಲ. ಓದು ಬಿಟ್ಟ ಸಾವಿರ ಗಿಟಾರ್ ವಾದಕರಲ್ಲಿ ಒಬ್ಬರಿಗೆ ಅಂಥ ಯಶಸ್ಸು ದೊರೆತರೆ ಹೆಚ್ಚು. ಆದರೂ ಈ ಕಥೆಯನ್ನು ತಂದೆಗೆ ಹೇಳಹೊರಡುವ ಮಗನು ಅದರ ಉತ್ತರಾರ್ಧವನ್ನೂ ಓದಿಕೊಂಡು ಹೋಗಲಿ. ತಂದೆಯಾದವರು ಹೆರಾಲ್ಡರ ನ್ಯೂಯಾರ್ಕ್ ಪ್ರಯಾಣವನ್ನು ಒಮ್ಮೆ ಯೋಚಿಸಲಿ.

ಉತ್ತರಾರ್ಧವು ದುಃಖದಿಂದಲೇ ತೊಡಗುತ್ತದೆ. ತಂದೆಯ ಮರಣ, ಮುರಿದುಬಿದ್ದ ದಾಂಪತ್ಯ, 1991ರ ನವೆಂಬರ್ 24ರಂದು ಏಡ್ಸ್ ಕಾಯಿಲೆಯ ತೊಡಕುಗಳಿಂದ ಸಂಭವಿಸಿದ ಫ್ರೆಡ್ಡಿ ಮರ್ಕ್ಯುರಿಯ ಸಾವು, ಇವೆಲ್ಲ ಒಂದರ ಹಿಂದೊಂದು ಬಂದೆರಗಿ ತಾವು ತೀವ್ರ ಖಿನ್ನತೆಗೆ ಒಳಗಾದುದನ್ನು ಅವರು ಮುಚ್ಚಿಟ್ಟವರಲ್ಲ. ಚೇತರಿಸಿಕೊಂಡು ಮತ್ತೆ ವೇದಿಕೆಗೆ ಬಂದರು. 2002ರ ಜೂನ್‌ನಲ್ಲಿ ಎರಡನೇ ಎಲಿಜಬೆತ್ ರಾಣಿಯ ಆಳ್ವಿಕೆಯ ಸುವರ್ಣೋತ್ಸವದಂದು ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಅದೇ ಮನೆಗೆಲಸದ ಗಿಟಾರಿನಲ್ಲಿ ರಾಷ್ಟ್ರಗೀತೆಯನ್ನು ನುಡಿಸಿದರು. ಕೀರ್ತಿಯ ದೃಷ್ಟಿಯಿಂದ ಇನ್ನೇನೂ ಬೇಕಿರಲಿಲ್ಲ. ಗೌರವ ಡಾಕ್ಟರೇಟೂ ಬಂದಿತ್ತು. ಹೆಸರಿನ ಮುಂದೆ ಅದನ್ನು ಬರೆದುಕೊಂಡು ತೃಪ್ತಿಪಡುವವರನ್ನು ನಾವು ಸಾಕಷ್ಟು ಕಂಡಿದ್ದೇವೆ.

ಅವರು ಹಾಗೆ ಮಾಡಲಿಲ್ಲ. 2006ರಲ್ಲಿ, ಬಾಲ್ಯದಲ್ಲಿ ತೆರೆಯ ಮೇಲೆ ನೋಡಿದ್ದ ಪ್ಯಾಟ್ರಿಕ್ ಮೂರ್ ಹಾಗೂ ತರುಣ ವಿಜ್ಞಾನಿ ಕ್ರಿಸ್ ಲಿಂಟಾಟ್ ಅವರೊಡನೆ ವಿಶ್ವದ ಇತಿಹಾಸವನ್ನು ಹೇಳುವ ‘ಬ್ಯಾಂಗ್!’ ಎಂಬ ಪುಸ್ತಕವನ್ನು ಹೊರತಂದರು. (ಮಹಾಸ್ಫೋಟದ ಕಲ್ಪನೆಗೆ ಮೂಲ ರೂಪ ಕೊಟ್ಟವರು ಬೆಲ್ಜಿಯಮ್ಮಿನ ಕಥೋಲಿಕ ಗುರು ಜಾರ್ಜ್ ಲಮೇತ್ರ್ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.) ಅದೇ ವರ್ಷ ಇಂಪೀರಿಯಲ್ ಕಾಲೇಜಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಂಡರು. ನಡುವಣ ಮೂರು ದಶಕಗಳಲ್ಲಿ ಆ ಧೂಳಿನ ಚಲನೆಯ ಬಗ್ಗೆ ಕೆಲಸ ಮಾಡಿದವರು ಕೆಲವರೇ ಆದ್ದರಿಂದ ಹಳೆಯ ಅಳತೆಗಳ ಬೆಲೆ ಕುಂದಿರಲಿಲ್ಲ. ಖಗೋಳವಿಜ್ಞಾನಿ ಮೈಕೆಲ್ ರೋವನ್ ರಾಬಿನ್‌ಸನ್ ಅವರ ಮಾರ್ಗದರ್ಶನದಲ್ಲಿ ಬರೆದು ಮುಗಿಸಿದ ಪ್ರಬಂಧಕ್ಕೆ 2007ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಡಾಕ್ಟರೇಟ್ ದೊರೆಯಿತು.

ಪತ್ರಿಕೆಗಳು ಇದನ್ನು ರಾಕ್ ತಾರೆಯ ಹೊಸ ಅವತಾರವೆಂದು ಬಣ್ಣಿಸಿದವು. ನಮಗೆ ಹಾಗೆ ತೋರುವುದಿಲ್ಲ. ಅರಿಸ್ಟಾಟಲನಿಂದ ಪಡೆದು ಸಂತ ತೋಮಾಸ್ ಅಕ್ವಿನಾಸರು ಬೆಳೆಸಿದ ವಿವೇಚನೆಯೊಂದುಂಟು: ಒಂದು ವಸ್ತುವಿನಲ್ಲಿ ಅಡಗಿರುವ ಸಾಧ್ಯತೆ ಬೇರೆ, ಅದು ಕಾರ್ಯರೂಪಕ್ಕೆ ಬಂದ ಸ್ಥಿತಿ ಬೇರೆ. ಬೀಜದೊಳಗಿನ ಮರ ಕಣ್ಣಿಗೆ ಬೀಳದಿದ್ದರೂ ಅದು ಇಲ್ಲವೆನ್ನಲಾಗದು. ಬಿಟ್ಟುಬಂದ ವಿದ್ಯೆಯು ಆ ಗಿಟಾರ್ ವಾದಕರೊಳಗೆ ಹಾಗೆ ಉಳಿದಿತ್ತೆಂದೇ ನಮ್ಮ ಅಭಿಪ್ರಾಯ. ಸಂಶೋಧನೆ ಬಿಟ್ಟ ಮರುವರ್ಷವೇ, 1975ರಲ್ಲಿ, ಅವರು ರಚಿಸಿದ ಒಂದು ಹಾಡಿನ ವಸ್ತು ದೂರದ ಬಾಹ್ಯಾಕಾಶಕ್ಕೆ ಹೋಗಿ ಹಿಂದಿರುಗಿದವನಿಗೆ ಕಾಲವೇ ಬದಲಾಗಿರುವ ಐನ್‌ಸ್ಟೀನರ ಸಿದ್ಧಾಂತ. ಆಕಾಶವನ್ನು ಮರೆತವರು ಅಂಥದನ್ನು ಬರೆಯಲಾರರು.

ಅವರ ಇನ್ನೊಂದು ಉದ್ಯಮಕ್ಕೂ ಬಾಲ್ಯದ ಬೇರಿದೆ. ಬೆಳಗಿನ ತಿಂಡಿಯ ಪೊಟ್ಟಣದೊಳಗೆ ಸಿಗುತ್ತಿದ್ದ ಜೋಡಿಚಿತ್ರಗಳನ್ನು ಹುಡುಗ ಕೂಡಿಡುತ್ತಿದ್ದ. ಎರಡು ಕಣ್ಣಿಗೆ ಎರಡು ಚಿತ್ರಗಳನ್ನು ಮಸೂರದ ಮೂಲಕ ತೋರಿಸಿದಾಗ ದೃಶ್ಯಕ್ಕೆ ಆಳ ಬರುತ್ತದೆ. ಈ ಕಲೆಯ ವಿಕ್ಟೋರಿಯಾ ಕಾಲದ ಛಾಯಾಗ್ರಾಹಕ ಟಿ. ಆರ್. ವಿಲಿಯಮ್ಸ್ 1850ರ ದಶಕದಲ್ಲಿ ಒಂದು ಹಳ್ಳಿಯ ನಿತ್ಯಜೀವನವನ್ನು ಚಿತ್ರಿಸಿದ್ದರು. ಊರಿನ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೇ ಅವರು ಅಲ್ಲಿನ ಚರ್ಚಿನ ಚಿತ್ರವನ್ನು ಸಾರ್ವಜನಿಕರ ಮುಂದಿಟ್ಟು ಕೋರಿದಾಗ, 2003ರಲ್ಲಿ, ಅದು ಆಕ್ಸ್‌ಫರ್ಡ್‌ಷೈರಿನ ಹಿಂಟನ್ ವಾಲ್ಡ್ರಿಸ್ಟ್ ಎಂದು ತಿಳಿದುಬಂದಿತು. ಎಲೆನಾ ವಿಡಾಲ್ ಅವರೊಡನೆ ಬರೆದ ಆ ಹಳ್ಳಿಯ ಪುಸ್ತಕ 2009ರಲ್ಲಿ ಪ್ರಕಟವಾಯಿತು. ಅದನ್ನು ನೋಡಲು ಬೇಕಾದ ಮಸೂರದ ಸಾಧನವನ್ನೂ ಅವರೇ ವಿನ್ಯಾಸಗೊಳಿಸಿದರು. ತಂದೆಯ ಕೈಕೆಲಸ ವ್ಯರ್ಥವಾಗಿರಲಿಲ್ಲ.

ಈ ಎರಡು ದಾರಿಗಳೂ ಒಂದೆಡೆ ಕೂಡಿದ್ದು ‘ಬೆನ್ನು’ ಎಂಬ ಕ್ಷುದ್ರಗ್ರಹದಲ್ಲಿ. ಸುಮಾರು ಅರ್ಧ ಕಿಲೋಮೀಟರ್ ಅಗಲದ ಆ ಬಂಡೆಯಿಂದ ಧೂಳನ್ನು ತರಲು ಅಮೆರಿಕದ ನಾಸಾ ಸಂಸ್ಥೆ ನೌಕೆಯೊಂದನ್ನು ಕಳುಹಿಸಿತ್ತು. ನೆಲವೆಲ್ಲ ಕಲ್ಲುಗುಂಡುಗಳಿಂದ ತುಂಬಿದ್ದುದರಿಂದ ನೌಕೆಯನ್ನು ಸುರಕ್ಷಿತವಾಗಿ ಎಲ್ಲಿ ತಾಗಿಸಬೇಕೆಂಬುದೇ ಸಮಸ್ಯೆಯಾಯಿತು. ಮೇ ಅವರು ತಮ್ಮ ಸಹಾಯಕಿ ಕ್ಲಾಡಿಯಾ ಮಂಜೋನಿ ಅವರೊಡನೆ ನೌಕೆಯ ಚಿತ್ರಗಳನ್ನು ಜೋಡಿಸಿ ಆಳ ಕಾಣುವಂತೆ ಮಾಡಿಕೊಟ್ಟರು. ಸ್ಥಳದ ಆಯ್ಕೆಗೆ ಅವು ನೆರವಾದವು. 2020ರ ಅಕ್ಟೋಬರಿನಲ್ಲಿ ಬಾಚಿಕೊಂಡ ಧೂಳು 2023ರ ಸೆಪ್ಟೆಂಬರ್ 24ರಂದು ಯೂಟಾ ಮರುಭೂಮಿಯಲ್ಲಿ ಇಳಿಯಿತು. ತೂಗಿದಾಗ 121.6 ಗ್ರಾಂ ಇತ್ತು. ಎಪ್ಪತ್ತಾರು ವರ್ಷದ ಡಾಕ್ಟರ್ ಮೇ ಅಂದು ಅಲ್ಲಿರಲಿಲ್ಲ. ‘ಕ್ವೀನ್’ ಪ್ರವಾಸ ಸಮೀಪಿಸಿದ್ದರಿಂದ ತಾಲೀಮಿನಲ್ಲಿದ್ದೇನೆಂದು ಸಂದೇಶ ಕಳುಹಿಸಿದ್ದರು.